ವಸ್ತಿ ಬಸ್ಸಿನವನು ಊರು ಆರಿಸಿದ್ದು

"ಊರು ನೀವ ಆರಿಸ್ರಿ. ಆದ್ರ ಬಸ್ಸು ತಿರಗಸಾಕ ಜಾಗಾ ಐತೋ ಇಲ್ಲೋ ಅಂತ ನೋಡಿ ಆರಿಸಬ್ಯಾಡ್ರಿ."

ನನ್ನ ಹೆಂಡತಿ ನನಗೆ ಹೇಳಿದ ಕಡೆಯ ಮಾತು ಇದು. ನೆಹರು ನಗರದ ದವಾಖಾನೆಯಲ್ಲಿ, ಹಾಸಿಗೆ ಮೇಲೆ ಎದ್ದು ಕೂತು, ಅರ್ಧ ಲೋಟ ಗಂಜಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು. ಹೇಳಿ ನಕ್ಕಳು. ಆಮೇಲೆ ಗೋಡೆ ಕಡೆ ಹೊರಳಿ ಮಲಗಿದಳು. ಮುಂಜಾನೆ ಏಳಲಿಲ್ಲ.

ಉಳಿದವರ ಹೆಂಡಂದಿರು ಹೋಗುವಾಗ ದೊಡ್ಡ ದೊಡ್ಡ ಮಾತು ಹೇಳಿ ಹೋಗುತ್ತಾರಂತೆ. ನನ್ನಾಕೆ ಬಸ್ಸಿನ ಮಾತು ಹೇಳಿ ಹೋದಳು. ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಅಳುವ ಹೊತ್ತಿಗೆ ಯಾರಾದರೂ ಒಬ್ಬರು ನಗಿಸಿಬಿಡುತ್ತಾರೆ.

ಅವಳಿಗೆ ಒಂದು ಆಸೆ ಇತ್ತು. ಮನೆಮಂದಿ ಎಲ್ಲ, ಅವಳ ಅವ್ವನಿಂದ ಹಿಡಿದು ಮೊಮ್ಮಕ್ಕಳವರೆಗೆ, ಬೆಳಗಾವಿ ಬಿಟ್ಟು ಯಾವುದಾದರೂ ಚೆಂದದ ಹಳ್ಳಿಯಲ್ಲಿ ನಾಲ್ಕು ದಿನ ಇರಬೇಕು. "ಯಾರದೂ ಮದವಿ ಇರಬಾರದು, ಯಾರೂ ಸತ್ತಿರಬಾರದು. ಸುಮ್ನ ಹೋಗಬೇಕು" ಅನ್ನುತ್ತಿದ್ದಳು. ಸಾಲೆಗೆ ಸೂಟಿ ಬಿಟ್ಟಾಗಲೆಲ್ಲ ಅಂದಳು. ಪ್ರತಿ ಸೂಟಿಗೂ ಏನೋ ಒಂದು ಅಡ್ಡ ಬಂತು.

ಆ ಸಂಜೆ ದವಾಖಾನೆಯಲ್ಲಿ ಇನ್ನೊಂದು ಮಾತೂ ಆಯಿತು. ಅದನ್ನು ಆಡಿದವನು ನಾನು. ಮಗ ಫೋನ್ ತೆಗೆದು, "ತಂಗಿಗೆ ಹೇಳತೇನಿ, ಬಂದ ಹೋಗಲಿ" ಅಂದ. ಮಗಳನ್ನು ಗೋಕಾಕಕ್ಕೆ ಕೊಟ್ಟಿದ್ದೇವೆ. ನಾನು ಅಂದೆ, "ಬ್ಯಾಡ. ಸಂಜಿ ಆಗೇತಿ. ಸಣ್ಣ ಹುಡುಗರನ್ನ ಕಟಗೊಂಡು ಬಸ್ಸಿನ್ಯಾಗ ನಿಂತ ಬರತಾಳ. ನಿಮ್ಮವ್ವ ಗಂಜಿ ಕುಡದಾಳ, ಆರಾಮ ಅದಾಳ. ಮುಂಜಾನಿ ಹೇಳೂಣು."

ಮುಂಜಾನೆ ಹೇಳಿದ್ದು ಬೇರೆ ಸುದ್ದಿ.

ಮಗಳು ಬಂದಳು. ಅಣ್ಣನನ್ನು ಕೇಳಿದಳು, "ನಿನ್ನೆ ಯಾಕ ಹೇಳಲಿಲ್ಲ?" ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. "ನನಗ ತಿಳೀಲಿಲ್ಲ" ಅಂದ. ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ನಮ್ಮ ಮನೆಗೆ ಬಂದರೂ ನೀರು ಮುಟ್ಟದೆ ಹೋಗುತ್ತಿದ್ದಳು. ತಪ್ಪು ನನ್ನದು. ಹೊತ್ತವನು ಅವನು.

ಇಬ್ಬರನ್ನೂ ಒಂದು ಕಡೆ ಕೂರಿಸಿ ನಾನು ಹೇಳಬೇಕಿತ್ತು. ಬೆಳಗಾವಿಯಲ್ಲಿ ಆಗಲಿಲ್ಲ. ಮಗಳು ಬಂದ ತಾಸಿಗೆ ಬಸ್ಸು ಹಿಡಿಯುತ್ತಿದ್ದಳು. ಹಾಗಾಗಿ ಹೆಂಡತಿಯ ಆಸೆಯ ಹಳ್ಳಿ ಈಗ ನನಗೇ ಬೇಕಾಯಿತು. ಹುಡುಕಲು ಹೊರಟೆ.

೧. ಡ್ರೈವರನ ಕಣ್ಣು

ಆಕೆ ಹಾಗೆ ಅಂದದ್ದಕ್ಕೆ ಕಾರಣ ಇದೆ.

ನಾನು ಏಳನೇ ಇಯತ್ತೆವರೆಗೆ ಕಲಿತವನು. ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿದೆ. ಬೆಳಗಾವಿಯಿಂದ ಖಾನಾಪುರ, ಖಾನಾಪುರದಿಂದ ಹಳ್ಳಿಗಳು. ಡ್ರೈವರನಿಗೆ ಊರು ಅಂದರೆ ಬಸ್ಸು ತಿರುಗುವ ಜಾಗ. ಗುಡಿ ಎಲ್ಲಿದೆ, ಕೆರೆ ಎಲ್ಲಿದೆ ಕೇಳಬೇಡಿ. ಆಲದ ಮರದ ಸುತ್ತ ಒಂದೇ ಸಲಕ್ಕೆ ತಿರುಗುತ್ತದೆ, ಅದು ಚಲೋ ಊರು. ಹಿಂದೆ ಗಟಾರು, ಮುಂದೆ ಗೋಡೆ, ಅದು ಕೆಟ್ಟ ಊರು.

ಮದುವೆಯಾದ ಹೊಸದರಲ್ಲಿ ಆಕೆಯನ್ನು ನನ್ನ ಬಸ್ಸಿನಲ್ಲೇ ಒಂದು ಊರು ತೋರಿಸಲು ಕರೆದುಕೊಂಡು ಹೋದೆ. ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಹೊಸ ಸೀರೆ, ತಲೆಗೆ ಅಬ್ಬಲಿಗೆ ಹೂವು. ವಾಪಸ್ ಬಂದ ಮೇಲೆ ಅವಳ ಅವ್ವ ಕೇಳಿದರು, "ಊರು ಹೆಂಗಿತ್ತು?"

"ಊರು ಕಾಣಲಿಲ್ಲಬೇ. ಇವರು ಬಸ್ಸು ಹಿಂದಕ ತಗೊಳ್ಳೂದು ನೋಡಿ ಬಂದೆ" ಅಂದಳು.

ಮುಂದೆ ಮಗಳಿಗೆ ವರ ಹುಡುಕುವಾಗ ಇನ್ನೂ ದೊಡ್ಡದಾಯಿತು. ಒಂದು ಹಳ್ಳಿಯಿಂದ ಹಿರಿಯರು ಬಂದು ಕೂತಿದ್ದರು. ಹುಡುಗ ಒಳ್ಳೆಯವನು, ಹೊಲ ಇದೆ, ಮನೆ ಇದೆ. ಎಲ್ಲ ಮಾತು ಮುಗಿದು ನನ್ನನ್ನು ಕೇಳಿದರು, "ನೀವೇನಂತೀರಿ?"

"ಆ ಊರು ಬ್ಯಾಡ್ರಿ" ಅಂದೆ.

ಎಲ್ಲರ ಚಹಾ ಕಪ್ಪು ಅಲ್ಲಲ್ಲೇ ನಿಂತವು. "ಯಾಕ್ರಿ? ಹುಡುಗನ ಸುದ್ದಿ ಏನರ ಕೇಳೀರೇನು?"

"ಹುಡುಗ ಗೊತ್ತಿಲ್ಲ. ಅಲ್ಲಿ ಮೂರು ಸಲ ರಿವರ್ಸ್ ಹೊಡೀಬೇಕು."

ಹೆಂಡತಿ ಒಳಗಿನಿಂದ ಓಡಿ ಬಂದಳು. ಅವರಿಗೆ ಕೈ ಮುಗಿದು, ತಿನ್ನಲು ಕುಂದಾ ಕೊಟ್ಟು, ಸಮಾಧಾನ ಮಾಡಿ ಕಳಿಸಿದಳು. ಆ ಸಂಬಂಧ ಮಾತ್ರ ಹೋಯಿತು. ಮಗಳನ್ನು ಗೋಕಾಕಕ್ಕೆ ಕೊಟ್ಟೆವು. ಅಲ್ಲಿ ದೊಡ್ಡ ಬಸ್ ನಿಲ್ದಾಣ ಇದೆ. ನಾನು ತಕರಾರು ತೆಗೆಯಲಿಲ್ಲ.

೨. ಅತ್ತೆಯ ನೆನಪು

ನಮ್ಮ ಅತ್ತೆಗೆ, ಅಂದರೆ ಹೆಂಡತಿಯ ಅವ್ವನಿಗೆ, ಎಂಬತ್ತಾರು. ಖಾನಾಪುರ ಕಡೆಯವರು. ಸಿಟ್ಟು ಬಂದರೆ ಮರಾಠಿ, ಸಿಟ್ಟು ಇಳಿದರೆ ಕನ್ನಡ. ಮಾವ ಹೋದ ಮೇಲೆ ನಮ್ಮಲ್ಲೇ ಇದ್ದಾರೆ. ಮಗಳು ಹೋದ ಮೇಲೂ ಇದ್ದಾರೆ. ಯಾರೋ ಕೇಳಿದ್ದಕ್ಕೆ, "ಅಳಿಯಾರಿಗೆ ಚಹಾ ಮಾಡಾಕ ಬರೂದಿಲ್ಲ, ಹೆಂಗ ಬಿಟ್ಟ ಹೋಗಲಿ?" ಅಂದರು. ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಅವರಿಗೆ ಆಯಿ ಅನ್ನುತ್ತಾರೆ.

ಒಂದು ರವಿವಾರ ಮಗ ಒಂದು ಹಾಳೆಯಲ್ಲಿ ಊರುಗಳ ಹೆಸರು ಬರೆದುಕೊಂಡು ಬಂದ. ಹತ್ತು ಹನ್ನೊಂದು ಇದ್ದವು. ಒಂದೊಂದೇ ಓದಿದ.

ಮೊದಲನೇದಕ್ಕೇ ಅತ್ತೆ ಕೈ ಎತ್ತಿದರು. "ಆ ಊರು ಬ್ಯಾಡ. ನಮ್ಮ ದೊಡ್ಡಕ್ಕನ ಮದವ್ಯಾಗ ಅವರು ಮಂದಿಗೆ ಸಾರು ಸಾಲಸಲಿಲ್ಲ."

"ಯಾವಾಗ ಆಯಿ?"

"ನನಗ ಆಗ ಹಾಲಹಲ್ಲು ಬೀಳತಿದ್ದು."

ಎರಡನೇದು. "ಅಲ್ಲೆ ನೀರು ಕೇಳಿದ್ರ ತಂಬಿಗಿ ತೊಳೀದ ಕೊಟ್ಟಿದ್ರು."

ಮೂರನೇದು. "ಅವರು ನಮ್ಮ ಎಮ್ಮಿ ಒಯ್ದು, ಹಾಲು ಕೊಡೂದಿಲ್ಲ ಅಂತ ತಿರುಗಿ ತಂದು ಕಟ್ಟಿದ್ರು. ನಮ್ಮಲ್ಲಿ ಬಂದಿಂದ ಎರಡೂ ಹೊತ್ತು ಕೊಡ್ತು. ಎಮ್ಮಿಗೆ ತಿಳೀತೈತಿ ಮಂದಿ ಎಂಥಾವರು ಅಂತ."

ಹೀಗೆ ಎಲ್ಲ ಊರೂ ಹೋದವು. ಎಪ್ಪತ್ತು ಎಂಬತ್ತು ವರ್ಷದ ಹಿಂದಿನ ಊಟ, ಉಡುಗೊರೆ, ಎಮ್ಮೆ, ಎಲ್ಲ ಅವರ ತಲೆಯಲ್ಲಿ ಇವೆ. ನನ್ನಾಕೆ ಇದ್ದಿದ್ದರೆ ನಡುವೆ "ಅವ್ವಾ, ಸುಮ್ನಿರ ಇನ್ನ" ಅನ್ನುತ್ತಿದ್ದಳು. ಆ ಮಾತು ಬರಬೇಕಾದ ಕಡೆ ಎಲ್ಲರೂ ಸ್ವಲ್ಪ ತಡೆದೆವು. ಬರಲಿಲ್ಲ. ಮಗ ಮುಂದೆ ಓದಿದ.

ಕಡೆಯ ಹೆಸರು ನಂದಗಡದ ಆಚೆಯ ಒಂದು ಸಣ್ಣ ಊರು. ಅತ್ತೆ ವಿಚಾರ ಮಾಡಿದರು. "ಅದು ಚಲೋ ಊರು" ಅಂದರು.

ಸೊಸೆಗೆ ನಂಬಿಕೆ ಆಗಲಿಲ್ಲ. "ಅಲ್ಲಿ ಏನೂ ಆಗಿಲ್ಲಾ ಆಯಿ?"

"ಆಗೇತಿ. ನನ್ನ ನೋಡಾಕ ಅಲ್ಲಿಂದ ಒಂದು ವರ ಬಂದಿತ್ತು. ಚಂದಿದ್ದ."

"ಮತ್ತ?"

"ಒಲ್ಲೆ ಅಂದ."

"ಒಲ್ಲೆ ಅಂದವರ ಊರಿಗೆ ಯಾಕ ಹೋಗೂದು?"

"ಬದುಕಿದ್ರ ಅಂವನ ಬಾಯಾಗ ಹಲ್ಲು ಎಷ್ಟ ಉಳದಾವ ನೋಡಿ ಬರೂಣು. ನನ್ನವು ಇನ್ನೂ ಆರು ಅದಾವ."

೩. ರೈಟ್

ಮಗನಿಗೆ ಅದು ಸರಿ ಬರಲಿಲ್ಲ. ಫೋನಿನಲ್ಲಿ ತಾನೇ ಒಂದು ಜಾಗ ಹುಡುಕಿದ. ಜಾಂಬೋಟಿ ರಸ್ತೆಯಲ್ಲಿ. ಅದು ಊರಲ್ಲ, ಊರಿನ ಹಾಗೆ ಕಟ್ಟಿದ್ದು. ನಾನು, ಮಗ, ಸೊಸೆ ನೋಡಲು ಹೋದೆವು.

ಒಬ್ಬ ಹುಡುಗಿ ಬಂದು ಎಲ್ಲ ತೋರಿಸಿದಳು. "ಇಲ್ಲಿ ನೀವು ರೊಟ್ಟಿ ಬಡೀಬಹುದು. ಇಲ್ಲಿ ಬೀಸೂಕಲ್ಲು ಬೀಸಬಹುದು. ಇಲ್ಲಿ ಸಗಣಿಲೆ ನೆಲಾ ಸಾರಸಬಹುದು."

ಸೊಸೆ ಮೆಲ್ಲಗೆ ಅಂದಳು, "ಮಾವಾರ, ಇಷ್ಟೆಲ್ಲಾ ಮಾಡೂದಿದ್ರ ನಾ ಮನ್ಯಾಗ ಇರತೇನಿ, ನೀವು ಹೋಗಿ ಬರ್ರಿ."

ಆಮೇಲೆ ಚಕ್ಕಡಿ. ದೊಡ್ಡ ಪಟಗ ಸುತ್ತಿದ ಒಬ್ಬ ಮುದುಕ ಮುಂದೆ ಕೂತಿದ್ದ. ಮೀಸೆ ತಿರುವಿದ್ದ. ನಾವು ಹತ್ತಿದೆವು. ಎತ್ತಿಗೆ ಅವನು ಹೋ ಅನ್ನಲಿಲ್ಲ, ಬಾಲ ತಿರುವಲಿಲ್ಲ. ಚಕ್ಕಡಿಯ ಮರ ಎರಡು ಸಲ ಬಡಿದು "ರೈಟ್!" ಅಂದ. ಎತ್ತು ಹೊರಟವು.

ಆ ದನಿ ನನ್ನ ಬೆನ್ನ ಹಿಂದೆ ಹದಿನಾರು ವರ್ಷ ಇದ್ದ ದನಿ. ನನ್ನ ಕಂಡಕ್ಟರ್.

"ಏನೋ ಮಾರಾಯಾ, ಇದೇನ ವೇಷಾ?" ಅಂದೆ.

ತಿರುಗಿ ನೋಡಿದ. ಪಟಗ ಜಾರಿತು. "ಡ್ರೈವರ್ ಸಾಹೇಬ್ರ! ಮನ್ಯಾಗ ಕುಂತ್ರ ಸೊಸಿ ಬೈತಾಳ. ಇಲ್ಲೆ ಕುಂತ್ರ ಮಂದಿ ಫೋಟೋ ತಗೀತಾರ."

"ಎತ್ತಿಗೆ ರೈಟ್ ಕಲಿಸೀದಿ?"

"ಮತ್ತೇನ ಕಲಿಸಲಿ? ನನಗ ಬರೂದ ಎರಡ ಮಾತು. ಹೋಲ್ಡಾನ್ ಅಂದ್ರ ನಿಂದರತಾವ."

ನಂತರ ನನ್ನಾಕೆಯ ಸುದ್ದಿ ಕೇಳಿದ, "ವಹಿನಿ ಹೆಂಗದಾರ?" ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ಹೇಳಿದೆ.

ಅವಳು ನನಗೆ ಎರಡು ಡಬ್ಬಿ ಕಟ್ಟುತ್ತಿದ್ದಳು. ಒಂದರಲ್ಲಿ ನನ್ನ ಊಟ. ಇನ್ನೊಂದರಲ್ಲೂ ನನ್ನ ಊಟ. ಮೊದಲನೇದನ್ನು ಇವನು ತಿಂದು ಮುಗಿಸುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅವನು ಪಟಗ ತೆಗೆದು ತೊಡೆ ಮೇಲೆ ಇಟ್ಟುಕೊಂಡ. ಬೋಳು ತಲೆ ಬಿಸಿಲಿಗೆ ಹೊಳೆಯಿತು.

ಚಕ್ಕಡಿ ಹೋಗುತ್ತಾ ಹೋಗುತ್ತಾ ಒಂದು ಬೇವಿನ ಮರದ ಕೆಳಗೆ ನಿಂತಿತು. ಅವನು ಏನೂ ಅಂದಿರಲಿಲ್ಲ. ಅಲ್ಲಿ ಯಾರೂ ಇರಲಿಲ್ಲ.

"ಯಾಕ ನಿಂತ್ವು?" ಮಗ ಕೇಳಿದ.

ಕಂಡಕ್ಟರ್ ಕಣ್ಣು ಒರೆಸಿಕೊಂಡು ಅಂದ, "ದಿನಾ ಇಲ್ಲೆ ನಿಲ್ಲಸ್ತೇನ್ರಿ. ಯಾರರ ಹತ್ತತಾರೇನೋ ಅಂತ."

ಆ ಜಾಗ ಬೇಡ ಅಂದೆ. ಅರ್ಧ ತಾಸಿಗೊಂದು ಬಸ್ಸಿನ ರಸ್ತೆ ಅದು. ಮಗಳು ಮೊದಲ ಊಟಕ್ಕೇ ಎದ್ದು ಹೋಗುತ್ತಾಳೆ.

೪. ನಾಲ್ಕು ದಿನದ ಸಂಬಂಧ

ಹಾಗಾಗಿ ಅತ್ತೆಯ ವರನ ಊರು ನೋಡಲು ಹೊರಟೆ. ಒಬ್ಬನೇ ಹೋದೆ. ಸೊಸೆ ಬಿಡಲಿಲ್ಲ, ದಾಡಿ ಮಾಡಿಸಿಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿರಿ ಅಂದಳು. ಬರಿಗೈಲೆ ಹೋಗಬಾರದು ಅಂತ ಕುಂದಾದ ಡಬ್ಬಿ ಕೈಗೆ ಕೊಟ್ಟಳು. ಕೆಲಸ ಅಲ್ಲೇ ಕೆಟ್ಟಿತು.

ಬಸ್ಸು ಇಳಿದು ಒಂದು ದೊಡ್ಡ ಮನೆ ಕೇಳಿಕೊಂಡು ಹೋದೆ. ಅವರಲ್ಲಿ ನಾಲ್ಕು ಕೋಣೆ ಖಾಲಿ ಇವೆ ಅಂತ ಯಾರೋ ಹೇಳಿದ್ದರು. ಮನೆಯ ಯಜಮಾನ ಚಾಪೆ ಹಾಸಿದ. ಡಬ್ಬಿ ಮುಂದಿಟ್ಟೆ. ಅವನು ಡಬ್ಬಿ ನೋಡಿದ. ನನ್ನ ದಾಡಿ ನೋಡಿದ.

"ಏನು ಬಂದದ್ದ್ರಿ?"

ನನಗೆ ಉದ್ದ ಮಾತು ಬರುವುದಿಲ್ಲ. "ಹೆಂಡ್ತಿ ಹೋಗಿ ಆರು ತಿಂಗಳಾತು. ಅದಕ ಬಂದೇನಿ" ಅಂದೆ.

ಅವನು ಒಳಗೆ ನೋಡಿ ಕೆಮ್ಮಿದ. ಒಳಗೆ ಬಳೆ ಸಪ್ಪಳ ಆಯಿತು.

"ಮಕ್ಕಳು ಒಪ್ಯಾರೇನ್ರಿ?"

"ಮಗ ಒಪ್ಯಾನ. ಸೊಸಿನೂ ಒಪ್ಯಾಳ. ಮಗಳದ ಒಂದ ಚಿಂತಿ."

"ಹೆಣಮಕ್ಕಳು ಹಂಗ ಇರತಾರ್ರಿ. ತಾಯಿ ನೆನಪು. ಮುಂದ ಹೊಂದಕೊಂತಾರ."

ಒಳ್ಳೆಯ ಮನುಷ್ಯ ಅಂದುಕೊಂಡೆ. "ನಮ್ಮ ಅತ್ತಿನೂ ಬರತಾರ" ಅಂದೆ.

"ಅತ್ತಿ? ಹೋದವರ ತಾಯಿ?"

"ಹೌದ್ರಿ. ಅವರ ಆರಿಸಿದ್ದು ಈ ಊರು."

ಅವನು ಬೆರಗಾಗಿ ಕೈ ಮುಗಿದ. "ಎಂಥಾ ದೊಡ್ಡ ಮನಸ್ರಿ ಆ ತಾಯೀದು."

ಅವಲಕ್ಕಿ ಬಂತು. ಮೇಲೆ ಕೊಬ್ಬರಿ, ಕೊತ್ತಂಬರಿ. ಚಹಾ ಬಂತು. ತಂದಾಕೆ ಅವನ ಅಕ್ಕ, ಅರವತ್ತರ ಹತ್ತಿರ ಇರಬಹುದು. ಸೀರೆ ಆಗಷ್ಟೇ ಬದಲಿಸಿದ್ದು, ಮಡಿಕೆ ಇನ್ನೂ ಮುರಿದಿರಲಿಲ್ಲ. ತಾಟು ಇಟ್ಟು ಬಾಗಿಲ ಬಾಜು ನಿಂತಳು.

ಯಜಮಾನ ಕೇಳಿದ, "ಮತ್ತ ಯಾವಾಗ ಅಂತೀರಿ?"

"ಮೇ ತಿಂಗಳಾಗ. ನಾಕ ದಿನಕ್ಕ."

"ನಾಕ ದಿನಕ್ಕ?"

"ನಾಕ ದಿನ ಸಾಕ್ರಿ. ಆಮ್ಯಾಲೆ ಬಿಟ್ಟ ಹೋಗತೇವಿ."

ಯಜಮಾನ ಅಕ್ಕನ ಮುಖ ನೋಡಿದ. ನನ್ನ ಬಾಯಲ್ಲಿ ಅವಲಕ್ಕಿ ಇತ್ತು. ಆಗ ನನಗೆ ತಾಟು ಕಂಡಿತು, ಚಾಪೆ ಕಂಡಿತು, ಹೊಸ ಸೀರೆ ಕಂಡಿತು. ನಮ್ಮ ಕಡೆ ಕನ್ಯೆ ನೋಡಲು ಹೋದಾಗ ಕೊಡುವುದೇ ಅವಲಕ್ಕಿ ಚಹಾ.

ಗಡಬಡಿಸಿ ಎಲ್ಲ ಹೇಳಿದೆ. ಮನೆಮಂದಿಗೆಲ್ಲ ಸೂಟಿಗೆ ಕೋಣೆ ಬೇಕು, ಬೇರೆ ಏನಿಲ್ಲ ಅಂದೆ. ಯಜಮಾನ ಮುಖ ಮುಚ್ಚಿಕೊಂಡ. ಆ ಅಕ್ಕ ಮಾತ್ರ ಮುಂದೆ ಬಂದು ತಾಟು ನನ್ನ ಕಡೆ ಸರಿಸಿದಳು.

"ನಾಕ ದಿನಕ್ಕಂತೂ ನಾ ಬರತಿರಲಿಲ್ಲ ಬಿಡ್ರಿ. ಅವಲಕ್ಕಿ ತಿನ್ರಿ, ಆರತಾವ."

ಬಸ್ಸಿನಲ್ಲಿ ಕಿಟಕಿ ಹತ್ತಿರ ಕೂತೆ. ಹೇಳಿದ್ದರೆ ನನ್ನಾಕೆ ಮೂರು ದಿನ ನಗುತ್ತಿದ್ದಳು. ಬೆಳಗಾವಿ ಬರುವವರೆಗೂ ಬಾಜು ಸೀಟು ಖಾಲಿಯೇ ಇತ್ತು.

೫. ವಸ್ತಿ

ಕಡೆಗೆ ನಾನೇ ಆರಿಸಿದೆ. ಹೆಸರು ಬರೆಯುವುದಿಲ್ಲ. ಆ ಊರವರು ಈಗಲೂ ನನ್ನನ್ನು ಕಂಡರೆ ನಗುತ್ತಾರೆ.

ಹನ್ನೊಂದು ವರ್ಷ ಆ ಊರಿಗೆ ನನ್ನ ವಸ್ತಿ ಬಸ್ಸು. ವಸ್ತಿ ಅಂದರೆ ಕಡೆಯ ಬಸ್ಸು ಅಲ್ಲೇ ನಿಲ್ಲುವುದು. ಕತ್ತಲಾದ ಮೇಲೆ ಮುಟ್ಟುತ್ತಿದ್ದೆ. ಮುಂಜಾನೆ ಆರಕ್ಕೆ ಬಿಡುತ್ತಿದ್ದೆ. ಆ ಊರನ್ನು ನಾನು ಹಗಲಿನಲ್ಲಿ ನೋಡಿಯೇ ಇಲ್ಲ. ಒಬ್ಬ ರೈತನ ಪಡಸಾಲೆಯಲ್ಲಿ ಮಲಗುತ್ತಿದ್ದೆ. ಅವನು ಮುಖ ತೊಳೆಯಲು ಬಿಸಿನೀರು ಇಡುತ್ತಿದ್ದ.

ಒಮ್ಮೆ ಹೆಂಡತಿಗೆ ಸಂಶಯ ಬಂತು. "ಆ ಊರಿನ ಪಾಳಿ ಅಂದ್ರ ಅಷ್ಟ ಹುರುಪಿಲೆ ಹೋಗತೀರಲ್ಲ, ಏನೈತಿ ಅಲ್ಲಿ?" ಅಂತ ಎರಡೂ ಹುಡುಗರನ್ನು ಕರೆದುಕೊಂಡು ನನ್ನ ಬಸ್ಸು ಹತ್ತಿದಳು. ರೈತನ ಹೆಂಡತಿ ಜೊತೆ ಮಲಗಿದಳು. ಬಸ್ಸು ಬಿಡುವ ಮೊದಲೇ ಎದ್ದು ಊರು ಒಂದು ಸುತ್ತು ನೋಡಿ ಬಂದಳು.

"ಭಾಳ ಚಲೋ ಊರ್ರಿ" ಅಂದಳು.

ಹಿಗ್ಗಿದೆ. "ಏನ ಸೇರಿತು?"

"ನೀವು ಎಲ್ಲಿ ಹೋಗಬೇಕಂದ್ರೂ ಇಲ್ಲಿ ಜಾಗಾ ಇಲ್ಲ."

ಆ ರೈತನಿಗೆ ಫೋನ್ ಮಾಡಿದೆ. "ಬರ್ರಿ, ಮನಿ ನಿಮ್ಮದ. ಬುಧವಾರ ಬರ್ರಿ" ಅಂದ. ಬುಧವಾರ ಅಂತ ಒತ್ತಿ ಯಾಕೆ ಹೇಳಿದ ಅಂತ ಕೇಳಲಿಲ್ಲ. ಆಮೇಲೆ ಮಗಳಿಗೆ ಮಾಡಿದ್ದೇ ಕಠಿಣ.

"ಅಂವಾ ಬರತಾನೇನು?" ಅಂದಳು. ಅಣ್ಣ ಅನ್ನುವುದನ್ನು ಬಿಟ್ಟಿದ್ದಳು.

"ಬರತಾನ. ನಿಮ್ಮವ್ವನ ಆಸೆ ಇತ್ತವಾ."

"ಹುಡುಗರನ್ನ ಕರಕೊಂಡ ಬರತೇನಿ. ಆದ್ರ ಅವರ ಕೈಲೆ ಮಾಡಿದ್ದು ಉಣ್ಣೂದಿಲ್ಲ."

"ಆತು."

"ನನ್ನ ಸ್ಟೋವ್ ನಾ ತರತೇನಿ."

"ಆತು" ಅಂದೆ. ಸೂಟಿಗೆ ಹೋಗುವವರು ಬಟ್ಟೆ ಕಟ್ಟುತ್ತಾರೆ. ನನ್ನ ಮಗಳು ಸ್ಟೋವ್ ಕಟ್ಟಿದಳು.

೬. ಊರಿಗೇ ಸೂಟಿ

ಮಗನಿಗೆ ಮಂಗಳವಾರದಿಂದಲೇ ರಜೆ ಸಿಕ್ಕಿತು. ಒಂದು ದಿನ ಮೊದಲೇ ಹೊರಟೆವು. ರೈತನಿಗೆ ಮತ್ತೆ ಫೋನ್ ಮಾಡಲಿಲ್ಲ. ಡ್ರೈವರನ ಬುದ್ಧಿ. ಬಸ್ಸು ಬರುತ್ತದೆ ಅಂತ ಯಾವ ಡ್ರೈವರ್ ಊರಿಗೆ ಫೋನ್ ಮಾಡುತ್ತಾನೆ?

ಬಾಡಿಗೆ ಟೆಂಪೋದಲ್ಲಿ ಎಂಟು ಮಂದಿ. ನಾನು, ಅತ್ತೆ, ಮಗ, ಸೊಸೆ, ಅವರ ಮಗಳು. ಗೋಕಾಕದಿಂದ ಬಂದ ಮಗಳು, ಅವಳ ಎರಡು ಮಕ್ಕಳು. ಅಣ್ಣ ಮುಂದೆ ಕೂತ, ತಂಗಿ ಹಿಂದೆ ಕೂತಳು. ನಡುವೆ ಸ್ಟೋವ್.

ಟೆಂಪೋದವನಿಗೆ ಬೇರೆ ಬಾಡಿಗೆ ಇತ್ತು. ಊರ ಮುಂದೆ ಇಳಿಸಿ ಹೋದ. ಹತ್ತು ಗಂಟೆ ಆಗಿತ್ತು.

ದಾರಿಗೆ ಅಡ್ಡ ಮುಳ್ಳಿನ ಕಂಟಿ ಬಿದ್ದಿತ್ತು. ಊರಲ್ಲಿ ಒಂದು ಮನುಷ್ಯನಿಲ್ಲ. ಹೊಗೆ ಇಲ್ಲ. ನಾಯಿ ಬೊಗಳಲಿಲ್ಲ, ಕೋಳಿ ಕೂಗಲಿಲ್ಲ. ಕಂಟಿಯ ಆಚೆ ಕಾಣುವ ಬಾಗಿಲೆಲ್ಲ ಮುಚ್ಚಿದ್ದವು.

ಮೊಮ್ಮಗಳು ಅಂದಳು, "ಅಜ್ಜಾ, ಊರಿಗೆ ಕೀಲಿ ಹಾಕ್ಯಾರ."

ಎಲ್ಲರೂ ನನ್ನ ಕಡೆ ನೋಡಿದರು. ಅತ್ತೆ ಮಾತ್ರ ಮುಳ್ಳು ನೋಡಿದರು. ಕೋಲು ಊರಿಕೊಂಡು ನಿಂತು, ಆರು ಹಲ್ಲೂ ಕಾಣುವ ಹಾಗೆ ನಕ್ಕರು.

"ಅಯ್ಯ ಅಳಿಯಾರ! ಇವತ್ತ ಹೊರಬೀಡು ಐತಿ!"

ಹೊರಬೀಡು ಅಂದರೆ ಊರೆಲ್ಲ ಒಂದು ದಿನ ಹೊರಗೆ. ಹೊತ್ತು ಹುಟ್ಟುವ ಮೊದಲೇ ಮುದುಕರು, ಕೂಸುಗಳು, ದನ, ಕೋಳಿ ಎಲ್ಲ ಹೊರಬೀಳಬೇಕು. ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಅಡವಿಯಲ್ಲಿ ಅಡಿಗೆ, ಅಡವಿಯಲ್ಲಿ ಊಟ. ಊರು ದೇವಿಗೆ ಒಪ್ಪಿಸಿ ಹೋಗುವುದು. ಹೊತ್ತು ಮುಳುಗುವವರೆಗೆ ಒಳಗೆ ಯಾರೂ ಕಾಲಿಡಬಾರದು. ಅತ್ತೆಯ ತವರಿನಲ್ಲೂ ಇತ್ತು. ಹನ್ನೊಂದು ವರ್ಷ ಅಲ್ಲಿ ಮಲಗಿದ ನನಗೆ ಗೊತ್ತಿರಲಿಲ್ಲ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವನಿಗೆ ಏನು ಗೊತ್ತು?

ನಾವು ಸೂಟಿಗೆ ಅಂತ ಊರಿಗೆ ಬಂದೆವು. ಊರೇ ಸೂಟಿಗೆ ಹೋಗಿತ್ತು.

ಮಾವಿನ ತೋಪಿನ ಕಡೆಯಿಂದ ಹೊಗೆ ಕಂಡಿತು. ಗಂಟು ಹೊತ್ತು ನಡೆದೆವು. ಇಡೀ ಊರು ಅಲ್ಲಿತ್ತು. ಮರಕ್ಕೊಂದು ಮನೆ, ಮನೆಗೊಂದು ಒಲೆ. ರೈತ ನನ್ನನ್ನು ಕಂಡು ಹಣೆ ಬಡಿದುಕೊಂಡ.

"ಬುಧವಾರ ಅಂದಿದ್ದೆ ಅಲ್ರಿ!"

"ಒಂದಿನಾ ಮೊದಲ ಬಂದ್ವಿ."

"ಹನ್ನೊಂದ ವರ್ಷ ದಿನಾ ಲೇಟ್ ಬಂದವರು, ಇವತ್ತ ಒಂದಿನಾ ಮೊದಲ ಬರೂದೇನು?"

ಹತ್ತಿರದ ಮಂದಿ ನಕ್ಕರು. ಒಂದು ಮರ ನಮಗೆ ಕೊಟ್ಟರು. ಅಕ್ಕಿ, ಕಟ್ಟಿಗೆ ಕೊಟ್ಟರು. ಮಗ ಮೂರು ಕಲ್ಲು ತಂದು ಒಲೆ ಹೂಡಿದ. ಮಗಳು ಆ ಕಡೆ ತನ್ನ ಸ್ಟೋವ್ ತೆಗೆದಳು.

ರೈತ ಓಡಿ ಬಂದ. "ಅದು ನಡಿಯೂದಿಲ್ಲ ತಂಗಿ. ಇವತ್ತ ಮೂರು ಕಲ್ಲಿನ ಒಲಿನ ಆಗಬೇಕು."

ಮಗಳು ಸ್ಟೋವ್ ಚೀಲದಲ್ಲಿಟ್ಟು, ತಾನೂ ಮೂರು ಕಲ್ಲು ಆರಿಸಲು ಹೋದಳು. ರೈತ ಮತ್ತೆ ತಡೆದ. "ಒಂದು ಮನಿಗೆ ಒಂದ ಒಲಿ. ನೀವು ಒಂದ ಮನಿಯವರೋ, ಎರಡ ಮನಿಯವರೋ?"

ಅವನು ಬೇಕಂತ ಕೇಳಿದ್ದಲ್ಲ. ರೂಢಿ ಹೇಳಿದ. ಮಗಳ ಕೈಯಲ್ಲಿ ಒಂದು ಕಲ್ಲು ಇತ್ತು.

ಅತ್ತೆ ಅಂದರು, "ಒಂದ. ಆ ಕಲ್ಲು ಇತ್ತ ಕೊಡ, ನನಗ ಕುಂದರಾಕ ಬೇಕು."

ಒಂದೇ ಒಲೆ ಆಯಿತು. ಮಗ ಊದಿದ. ಕಚೇರಿಯಲ್ಲಿ ಕೂತು ಕೆಲಸ ಮಾಡುವವನು, ಹೊಗೆಗೆ ಕಣ್ಣು ಕೆಂಪಾದವು. ಮಗಳು ಅಕ್ಕಿ ತೊಳೆದು ಇಟ್ಟಳು. ಇಬ್ಬರೂ ಒಂದು ಮೊಳದ ಅಂತರದಲ್ಲಿ ಕೂತಿದ್ದರು. ನೇರ ಮಾತಿಲ್ಲ. ನಡುವೆ ಅತ್ತೆ.

ಮಗಳು ಅಂದಳು, "ಆಯಿ, ಊದವರಿಗೆ ಹೇಳ, ಹಸಿ ಕಟಗಿ ಹೊರಗ ತಗೀ ಅಂತ."

ಅತ್ತೆ ನನ್ನ ಮಗನ ಕಡೆ ತಿರುಗಿದರು. "ನಿನ್ನ ತಂಗಿ ಅಂತಾಳ, ನೀ ಸಣ್ಣಾವಿದ್ದಾಗಿಂದ ಹಿಂಗ, ಒಂದ ಕೆಲಸ ನೆಟ್ಟಗ ಬರೂದಿಲ್ಲಂತ."

ಮಗ ಹಲ್ಲು ಕಚ್ಚಿದ. "ಆಯಿ, ಅಕಿಗೆ ಹೇಳ, ಅನ್ನಕ್ಕ ನೀರು ಹೆಚ್ಚಾಗೇತಿ."

"ನಿಮ್ಮಣ್ಣ ಅಂತಾನ, ಗಂಡನ ಮನಿಯವರು ನಿನ್ನ ಹೆಂಗ ತಡಕೊಂಡಾರೋ ಅಂತ."

"ನಾ ಎಲ್ಲಿ ಹಂಗ ಅಂದ್ನಿ!" ಮಗ ಎದ್ದು ನಿಂತ.

"ನಾನೂ ಅಂದಿಲ್ಲ! ಕಟಗಿ ಸುದ್ದಿ ಹೇಳಿದೆ!" ಮಗಳೂ ಎದ್ದಳು. ಅವನ ಮುಖ ನೋಡಿ ಅಂದಳು, "ನಾ ಹಂಗ ಅಂದಿಲ್ಲ."

"ನಾನೂ ಅಂದಿಲ್ಲ" ಅಂದ ಅವನು.

ಎಂಟು ತಿಂಗಳಿಗೆ ಅದೇ ಮೊದಲ ಮಾತು. ಇಬ್ಬರಿಗೂ ಅದು ನೆನಪಾಗಿ ಬಾಯಿ ಮುಚ್ಚಿತು. ಮತ್ತೆ ಕೂತರು.

ಅತ್ತೆ ಒಲೆಗೆ ಕಟ್ಟಿಗೆ ಸರಿಸುತ್ತ ಅಂದರು, "ಅಂದಿಲ್ಲ ಅಂತ ನನಗ ಗೊತ್ತಿಲ್ಲೇನು? ಅಂದಿದ್ರ ಚಲೋ ಇತ್ತು."

ಅನ್ನ ತಳ ಹತ್ತಿತು. ಎಲ್ಲರೂ ಉಂಡೆವು. ಮಗಳೂ ಉಂಡಳು. ದವಾಖಾನೆಯ ಆ ಸಂಜೆಯ ಮಾತು ಬಾಯಿಗೆ ಬಂತು. ಸುತ್ತ ಮಂದಿ ಇದ್ದರು. ಅನ್ನದ ಜೊತೆ ನುಂಗಿದೆ. ಹೊತ್ತು ಮುಳುಗಿದ ಮೇಲೆ ಕಂಟಿ ಸರಿಸಿದರು. ಮೊದಲು ದನ ಹೋದವು, ಹಿಂದೆ ಊರು, ಕಡೆಗೆ ನಾವು. ಅಣ್ಣ ತಂಗಿ ಮತ್ತೆ ಸುಮ್ಮನಾಗಿದ್ದರು.

ಮರುದಿನ ಮುಂಜಾನೆ ಹಿತ್ತಲಿಗೆ ಹೋದೆ. ಮಗಳು ಬಾವಿ ಕಟ್ಟೆ ಹತ್ತಿರ ಹಲ್ಲುಜ್ಜುತ್ತಿದ್ದಳು. ಮಗ ಟವೆಲ್ ಹೆಗಲಿಗೆ ಹಾಕಿಕೊಂಡು, ಅವಳದು ಮುಗಿಯಲಿ ಅಂತ ದೂರ ನಿಂತಿದ್ದ. ನಾನು ಬಾವಿಯ ಹಗ್ಗ ಹಿಡಿದು ಹೇಳಿದೆ.

"ಆ ಸಂಜಿ ನಿನಗ ಫೋನ್ ಮಾಡಬ್ಯಾಡ ಅಂದಾವ ನಾನು. ಅಂವಾ ಫೋನ್ ಕೈಯಾಗ ಹಿಡದಿದ್ದ. ನಾ ಬ್ಯಾಡ ಅಂದೆ."

ಅವಳ ಬಾಯಿ ತುಂಬ ನೊರೆ ಇತ್ತು. ಹಾಗೇ ನಿಂತಳು. ಆಮೇಲೆ ಉಗುಳಿದಳು. ಈಗ ನನ್ನ ಮೇಲೆ ಬರುತ್ತಾಳೆ ಅಂತ ನಿಂತೆ. ಅವಳು ನನ್ನ ಬಿಟ್ಟು ಅಣ್ಣನ ಮೇಲೆ ಹೋದಳು.

"ಎಂಟ ತಿಂಗಳು ಬಾಯಾಗ ಏನ ಇಟಗೊಂಡಿದ್ದಿ?"

"ನೀ ಮಾತಾಡಿದ್ರಲ್ಲ ಹೇಳೂದು!"

"ನಾ ಮಾತಾಡದಿದ್ರ ಏನಾತು, ನೀ ಹೇಳಬೇಕಿತ್ತಣ್ಣ!"

"ಅಪ್ಪನ ಮಾರಿ ನೋಡಿದ್ದೇನು ಅವತ್ತ? ಏನ ಹೇಳಲಿ?"

ಇಬ್ಬರೂ ಅಳುತ್ತಿದ್ದರು, ಇಬ್ಬರೂ ಒದರುತ್ತಿದ್ದರು. ಮಕ್ಕಳು ಎದ್ದು ಬಂದು ಬಾಗಿಲಲ್ಲಿ ನಿಂತರು. ಒಳಗಿನಿಂದ ಅತ್ತೆ ಕೂಗಿದರು, "ನಡುವ ನಾ ಬರಬೇಕೇನು?"

"ಬ್ಯಾಡ!" ಇಬ್ಬರೂ ಕೂಡಿಯೇ ಅಂದರು.

ನಾನು ಕೊಡ ಬಾವಿಗೆ ಬಿಟ್ಟೆ. ತುಂಬಿತು. ಸೇದಿದೆ. ಜಗಳ ಇನ್ನೂ ನಡೆದಿತ್ತು. ಇನ್ನೊಂದು ಬಿಟ್ಟೆ.